ಬ್ರೇಕು

ಬಾಗಲಕೋಟಿ ಡಿಪೋದಾಗ ಎಲ್ಲಾರಿಗೂ ಗೊತ್ತು,
ಲಾಲಸಾಬ ಬ್ರೇಕ್ ಒತ್ತಿದ್ರ
ಕುಂತವರ ಕೈಯಾಗಿನ ಚಾ ತುಳುಕೂದಿಲ್ಲ.
ಇಪ್ಪತ್ತಾರು ವರ್ಷ
ಲೋಕಾಪುರ, ಯರಗಟ್ಟಿ, ನೇಸರಗಿ, ಬೆಳಗಾವಿ,
ಅದೇ ಬಲಗಾಲು.

ಅದೇ ಅಂಗಾಲಿನಾಗ ಒಂದು ಕರಿ ಮಚ್ಚಿ.
ಗ್ರೀಸ್ ಹತ್ತೇತಿ ಅಂತ ಸೀಮಿಎಣ್ಣಿ ಹಚ್ಚಿ ತಿಕ್ಕಿದ,
ಆಣಿ ಅಂತ ಬ್ಲೇಡಿಲೆ ಕೆತ್ತಿದ.
ನಾನೂ ನೋಡಿದ್ದೆ. ಚಪ್ಪಲ್ ಬ್ಯಾರೆ ತಗೋ ಅಣ್ಣಾ ಅಂದಿದ್ದೆ. ಅಷ್ಟ.

ಅಂಗಾಲಿನಿಂದ ನೆತ್ತಿಗೆ ಯಾವ ರೂಟು?
ಟಿಕೀಟು ತಗೀದ, ಯಾವ ಸ್ಟಾಪಿನಾಗೂ ಇಳೀದ
ಮೂರು ಮಂದಿ ಹೋಗಿ ಮೆದುಳಿನಾಗ ಕುಂತಿದ್ರು.
ಒಂದಿನ ಯರಗಟ್ಟಿ ದಾಟಿ
"ಮುಂದಿನ ಊರ ಯಾವ್ದು?" ಅಂತ ನನ್ನ ಕೇಳಿದ.
ಚ್ಯಾಷ್ಟಿ ಅಂತ ನಕ್ಕೆ.
ಅಂವ ಗಾಡಿ ಬಾಜೂಕ ಹಾಕಿ
ಕೀ ತಗದು ನನ್ನ ಕೈಯಾಗಿಟ್ಟ.

ಬೆಳಗಾವಿ ದವಾಖಾನಿ. ಡಾಕ್ಟರಮ್ಮ ಹೇಳಿದ್ಲು:
"ನಿಮ್ಮ ರಕ್ತದಾಗ ಕಾವಲಗಾರರು ಅದಾರ.
ಈ ಗಂಟು ಅವರ ಬ್ರೇಕ್ ತುಳದು ಹಿಡದೈತಿ.
ನಮ್ಮ ಔಷಧ ಗಂಟಿನ ಕೊಲ್ಲೂದಿಲ್ಲ,
ಬ್ರೇಕಿನ ಮ್ಯಾಲಿನ ಕಾಲು ತಗಸತೈತಿ."
ಲಾಲಸಾಬ ಭಾಳ ಹೊತ್ತು ಸುಮ್ಮನಿದ್ದ.
"ಬ್ರೇಕ್ ಇಲ್ಲದ ಗಾಡಿ
ಯಾರ ಮ್ಯಾಲೆ ಹಾಯತೈತಿ, ಗೊತ್ತೇನ್ರಿ?"
"ಪೂರಾ ಗೊತ್ತಿಲ್ಲ," ಅಂದ್ಲು ಆಕಿ.
ಆ ಮಾತಿಗೇ ಅಂವ ಸಹಿ ಹಾಕಿದ.

ಮೂರು ವಾರಕ್ಕೊಮ್ಮೆ ನಮ್ಮ ಬಸ್ಸಿನಾಗ, ನಾಕನೇ ಸೀಟು, ಕಿಡಕಿ.
ಹೊಸಾ ಹುಡುಗ ಬ್ರೇಕ್ ಹೊಡದಾಗೊಮ್ಮೆ
ಇವನ ಬಲಗಾಲು ಖಾಲಿ ಜಾಗಾ ಒತ್ತೂದು ನೋಡೇನಿ.

ಬ್ಯಾಸಗ್ಯಾಗ ಭೇದಿ, ತುರಿಕಿ, ಮೈತುಂಬ ಕೆಂಪು ಗುಳ್ಳಿ.
ಆಮ್ಯಾಲೆ ಮುಂಗೈ ಮ್ಯಾಲೆ ಬಿಳಿ ಕಲಿ, ಹುಬ್ಬಿನಾಗ ಬಿಳಿ ಕೂದಲ.
ಜೈತುನಬಿ ಸೆರಗಿಲೆ ಬಾಯಿ ಮುಚ್ಚಿಕೊಂಡ್ಲು:
"ತೊನ್ನು! ಮಗಳ ಮಾತುಕತಿ ನಡದಾವು, ಈಗ..."
ಡಾಕ್ಟರಮ್ಮ ಆ ಕೈ ಬೆಳಕಿಗಿ ಹಿಡದು
ಮೊದಲ ಸಲ ನಕ್ಲು.
ಕಾವಲಗಾರರು ಕರಿ ಬಣ್ಣ ಹುಡಿಕ್ಕೋಂತ ಹೊಂಟಾರ,
ಕಳ್ಳನೂ ಸಿಗತಾನ, ಮನಿಯವನೂ ಸಿಗತಾನ.

ಸ್ಕ್ಯಾನಿನಾಗ ಎರಡು ಈಗ ಕಾಣಸೂದಿಲ್ಲ.
ಮೂರನೇದು ಜ್ವಾಳದ ಕಾಳಷ್ಟು, ಕುಂತಲ್ಲೇ ಕುಂತೈತಿ.
ಸತ್ತೈತೋ, ಮಲಗೇತೋ, ಅವರಿಗೂ ತಿಳೀವಲ್ದು.

ಇವತ್ತು ತಿರುಗಿ ಬರುವಾಗ ಮುಸ್ಸಂಜಿ.
ಕಣ್ಣು ಮುಚ್ಚಿ ತನ್ನಷ್ಟಕ್ಕ ತಾನ ಎಣಸ್ತಿದ್ದ:
ನೇಸರಗಿ. ಯರಗಟ್ಟಿ.
ತಡದ.
ನಾ ಹೇಳಬೇಕಂದೆ, ಸೀಟಿ ಬಾಯಾಗಿತ್ತು,
ಊದಲಿಲ್ಲ.
"ಲೋಕಾಪುರ," ಅಂದ ಅಂವ.
ಊರು ಇನ್ನೂ ದೂರಿತ್ತು.