ಜೊತೆಗೆ ಮೂವರು

ಸಮಾಧಿ ತೋಟದ ಬೀಗದ ಕೈ ನನ್ನ ಹತ್ತಿರ ಇದೆ.
ಗಣಿ ಮುಚ್ಚಿದ ಮೇಲೆ ಯಾರೂ ಕೇಳಲಿಲ್ಲ,
ನಾನೂ ಕೊಡಲಿಲ್ಲ.
ಇಪ್ಪತ್ತೆರಡು ವರ್ಷ ಟೈಮ್ ಆಫೀಸಿನ ಕಿಟಕಿಯಲ್ಲಿ
ಕೆಳಗೆ ಇಳಿದವರ ಬಿಲ್ಲೆ, ಮೇಲೆ ಬಂದವರ ಬಿಲ್ಲೆ
ತಾಳೆ ನೋಡಿದ ಕಣ್ಣಿಗೆ
ಈಗ ಗೆದ್ದಲು ತಿಂದ ದಫ್ತರ.
ಪುಟ ತಿರುವಿದರೆ ಸೈನೈಡ್ ದಿಬ್ಬದ ಧೂಳು
ಹೆಸರುಗಳ ಮೇಲೆ ಕೂರುತ್ತದೆ. ಊದುತ್ತೇನೆ. ಓದುತ್ತೇನೆ.

ಕಾರ್ನ್‌ವಾಲ್ ಎಂಬಲ್ಲಿಂದ ಕಾಗದ ಬರುತ್ತವೆ.
ಕಡಲಂಚಿನ ಸೀಮೆಯಂತೆ ಅದು;
ತವರ ತೀರಿದ ಮೇಲೆ ತವರು ಬಿಟ್ಟು
ಚಿನ್ನ ಅಗೆಯಲು ಮಾರಿಕುಪ್ಪಂಗೆ ಬಂದವರ
ಮರಿಮಕ್ಕಳು ಬರೆಯುತ್ತಾರೆ.

ಲವ್‌ಡೇ ನ್ಯಾನ್‌ಕಿವೆಲ್, ವಯಸ್ಸು ಎಪ್ಪತ್ತೊಂದು:
"ಮುತ್ತಜ್ಜ ಹ್ಯಾನಿಬಲ್ ತೊಂಬತ್ತೇಳರಲ್ಲಿ ಹಡಗು ಹತ್ತಿದ.
ಏಳು ವರ್ಷ ತಪ್ಪದೆ ದುಡ್ಡು ಬಂತು. ಆಮೇಲೆ ಬರಲಿಲ್ಲ.
ಅಲ್ಲೇ ಯಾವಳನ್ನೋ ಇಟ್ಟುಕೊಂಡ ಅಂದರು ಊರವರು.
ಮುತ್ತಜ್ಜಿ ಸಾಯುವತನಕ ಪ್ರಾರ್ಥನೆಗೆ
ಕೊನೇ ಬೆಂಚಲ್ಲೇ ಕೂತಳು."

ಮೂರು ತಿಂಗಳು ಹುಡುಕಿದೆ.
ನ್ಯಾನ್‌ಕಿವೆಲ್ ಇರಲಿಲ್ಲ.
ಯಾರೋ ತಮಿಳು ಗುಮಾಸ್ತ ಕಿವಿಗೆ ಬಿದ್ದ ಹಾಗೆ
ನಾನ್‌ಕೋವಿಲ್ ಎಂದು ಬರೆದು
ಬಿಳಿಯನಿಗೊಂದು ಗುಡಿ ಕಟ್ಟಿಬಿಟ್ಟಿದ್ದ.
ವಯಸ್ಸು ಮೂವತ್ತೊಂದು. ಕಾರಣ ಬಂಡೆ ಸಿಡಿತ.
ಜೊತೆಗೆ ಮೂವರು ಕೂಲಿಗಳು

ಅಷ್ಟೇ. ಸಾಲಿನ ಕೊನೆಗೆ ಒಂದು ಚುಕ್ಕಿಯೂ ಇಲ್ಲ.

ಬರೆದೆ: ಅಮ್ಮಾ, ಅವನು ಯಾರನ್ನೂ ಇಟ್ಟುಕೊಳ್ಳಲಿಲ್ಲ.
ಕೊನೇ ದುಡ್ಡು ಕಳಿಸಿ ಆರನೇ ವಾರಕ್ಕೆ ಸತ್ತ.
ಆಕೆ ನನ್ನ ಕಾಗದ ಒಯ್ದು
ಮುತ್ತಜ್ಜಿಯ ಕಲ್ಲಿನೆದುರು ಗಟ್ಟಿಯಾಗಿ ಓದಿದಳಂತೆ,
ಗಾಳಿ ಜೋರಿತ್ತಂತೆ, ಎರಡು ಸಲ ಓದಿದಳಂತೆ.

ನನ್ನ ಅಜ್ಜಿ ಕುಪ್ಪಮ್ಮನ ಅಪ್ಪನೂ
ಅದೇ ವರ್ಷ ಇಳಿದು ಮೇಲೆ ಬಾರದವನು.
ಅದೇ ಶಾಫ್ಟೋ, ಬೇರೆಯೋ.
ಹೊತ್ತಲ್ಲದ ಹೊತ್ತಲ್ಲಿ ಕೊಂಬು ಕೂಗಿದ್ದು,
ತನ್ನ ಬಾಯಲ್ಲಿ ಹುಣಸೆ ಚಿಗುರು ಇದ್ದದ್ದು,
ಅಷ್ಟು ನೆನಪು ನಾಲ್ಕು ವರ್ಷದ ಮಗುವಿಗೆ.
ಪಲಮನೇರಿನಿಂದ ನಡೆದು ಬಂದವನು;
ಅದೂ ವಲಸೆಯೇ, ಹಡಗಿಲ್ಲದ್ದು, ಚೀಟಿಯಿಲ್ಲದ್ದು.
ಗಂಡನ ಹೆಸರೆತ್ತಬಾರದೆಂದು ಮುತ್ತಜ್ಜಿ ಎತ್ತಲಿಲ್ಲ,
ಅಜ್ಜಿಗೆ ಅವನು ಬರೀ ನಾಯ್ನ.
ಎರಡು ಹೆಂಗಸರ ಬಾಯಲ್ಲಿ
ಬೆಲ್ಲದ ಹಾಗೆ ಕರಗಿಹೋಯಿತು ಒಂದು ಹೆಸರು.

ನಾಚಿಕೆ ಬಿಟ್ಟು ಕೇಳಿದೆ:
ನಿಮ್ಮ ಹ್ಯಾನಿಬಲ್ ಮನೆಗೆ ಬರೆದ ಓಲೆಗಳಲ್ಲಿ
ನಮ್ಮವರ ಹೆಸರೇನಾದರೂ?

ಒಂದು ಹಾಳೆಯ ಪ್ರತಿ ಬಂತು.
"ರೊಟ್ಟಿಯ ಗಟ್ಟಿ ಅಂಚು ಮುರಿದು
ಗಣಿಯ ಕುಳ್ಳರಿಗೆ ಇಡುತ್ತೇನೆ, ನಮ್ಮೂರಲ್ಲಿ ಇಟ್ಟ ಹಾಗೆಯೇ.
ಬೆಳಗಾದರೆ ಇರುವುದಿಲ್ಲ.
ಚಿನ್ನಾ ತಿನ್ನುತ್ತಾನೆಂದು ಗುಮಾನಿ.
ತಿನ್ನಲಿ. ಅವನು ಹಿಡಿದ ಮೊಂಬತ್ತಿ ನಡುಗುವುದಿಲ್ಲ."

ಚಿನ್ನಾ.
ತೆಲುಗಿನಲ್ಲಿ ಚಿಕ್ಕವನು, ತಮಿಳಿನಲ್ಲೂ ಚಿಕ್ಕವನು,
ಕನ್ನಡಕ್ಕೆ ಬಂದರೆ
ಯಾವುದಕ್ಕಾಗಿ ಎಲ್ಲರೂ ಕೆಳಗಿಳಿದರೋ ಅದು.
ಚಿನ್ನಪ್ಪ, ಚಿನ್ನತಂಬಿ, ಚಿನ್ನಬ್ಬಯ್ಯ,
ಸಾಲುಮನೆಗಳಲ್ಲಿ ಕೂಗಿದರೆ ಅರ್ಧ ಬೀದಿ ಓಗೊಡುವ ಹೆಸರು.
ಇವನೇ ನನ್ನವನು ಅನ್ನಲಾರೆ.
ಬಿಲ್ಲೆ ತಾಳೆಯಾಗದೆ ಸಹಿ ಹಾಕಿದವನಲ್ಲ ನಾನು.

ಆದರೂ ಮೊನ್ನೆ ರಾಬರ್ಟ್‌ಸನ್‌ಪೇಟೆಯ ಬೇಕರಿಯಿಂದ
ಒಂದು ಪೌಂಡು ಬ್ರೆಡ್ಡು ತಂದು
ನಂಬರು ಅಳಿಸಿದ ಆ ಕಲ್ಲಿನ ಬುಡದಲ್ಲಿ
ಅಂಚು ಮುರಿದಿಟ್ಟೆ. ಬೀಗ ಜಗ್ಗಿ ನೋಡಿ ಬಂದೆ.

ಬೆಳಿಗ್ಗೆ ಇರಲಿಲ್ಲ.

ಆಡುಗಳು ಬರುತ್ತವೆ, ಗೊತ್ತು.
ಹಿಂದಿನ ಗೋಡೆ ಬಿದ್ದು ಬಹಳ ವರ್ಷವಾಯಿತು.