ಹಂಡೆಯೊಲೆ

ಹೊಳೆನರಸೀಪುರ ರಸ್ತೆಯ ಫ್ಯಾಕ್ಟರಿ ಹಿಂದಿನ ಗೇಟಿನಲ್ಲಿ
ಶನಿವಾರ ಸಂಜೆ ಮೂಟೆ ಲೆಕ್ಕದಲ್ಲಿ ಮಾರುತ್ತಾರೆ
ಕತ್ತರಿಸಿ ಉಳಿದ ಚೂರು. ಮೂಟೆಗೆ ಎಂಬತ್ತು.
ಊರಂಚಿನ ನಮ್ಮ ಬೀದಿಗೆಲ್ಲ ಅದೇ ಸೌದೆ.
ಗ್ಯಾಸು ಅಡಿಗೆಗೆ, ಚೂರು ಬಚ್ಚಲಿಗೆ.
ಸೀಮೆಎಣ್ಣೆ ಬೇಡ, ಊದುಗೊಳವೆ ಬೇಡ,
ಕಡ್ಡಿ ಗೀರಿದರೆ ಸಾಕು,
ಬೆಂಕಿಗೇ ಹಸಿವಾಗಿತ್ತೇನೋ ಎಂಬಂತೆ ಹತ್ತುತ್ತದೆ.

ಉರಿಯ ಬಣ್ಣ ನೋಡಿ ಹೇಳಬಲ್ಲೆ ನಾನು
ಯಾವ ತಿಂಗಳ ಆರ್ಡರು ಎಂದು.
ಅಂಚಿನಲ್ಲಿ ಹಸಿರು ಕಂಡರೆ ಮಳೆಕೋಟು,
ಏಳನೇ ಲೈನು, ಹದಿಮೂರು ಸಾವಿರ ಪೀಸು.
ಸುರುಟಿ, ಕರಗಿ, ತೊಟ್ಟಿಕ್ಕಿದರೆ ಮಕ್ಕಳ ಜಾಕೀಟು,
ಹಿಮ ಬೀಳುವ ದೇಶದ ಮಕ್ಕಳದು.
ಅದಕ್ಕೆ ಜೇಬು ಹೊಲಿದವಳು ನಾನೇ.
ಜೇಬಿಗೆ ಏನು ಹಾಕಿಕೊಳ್ಳುತ್ತವೋ ಆ ಮಕ್ಕಳು, ಗೊತ್ತಿಲ್ಲ.

ಅತ್ತೆ ದ್ಯಾವೀರಮ್ಮನಿಗೆ ಮೊದಲ ದಿನವೇ ಸರಿಬರಲಿಲ್ಲ.
ಹೊಗೆಗಲ್ಲ, ಬೂದಿಗೆ.
"ಇದೇನವ್ವ, ಬೂದಿನೇ ಬೀಳಲ್ವಲ್ಲ ನಿನ್ನ ಒಲೇಲಿ!"
ಅವಳ ಲೆಕ್ಕದಲ್ಲಿ ಒಲೆ ಅಂದರೆ ಬೂದಿ ಕರೆಯುವ ಹಸು:
ಪಾತ್ರೆ ತಿಕ್ಕಲು, ಅವರೆ ಬೀಜಕ್ಕೆ ಹುಳ ಹತ್ತದಂತೆ ಬೆರೆಸಲು,
ಬದನೆ ಗಿಡದ ಎಲೆಗೆ ಎರಚಲು,
ಹಲ್ಲಿಗೂ ಒಂದು ಚಿಟಿಕೆ.
ಇದರಲ್ಲಿ ಬಂದದ್ದು ಕರಿ ಹೆಂಟೆ.
ಕಲ್ಲಿಗೆ ಹಾಕಿ ಕುಟ್ಟಿದಳು, ಒಡೆಯಲಿಲ್ಲ.
ತಿಪ್ಪೆಗೆಸೆದಳು. ಎರಡು ಮಳೆಗಾಲ ಕಳೆದು
ಗೊಬ್ಬರ ಎತ್ತುವಾಗ ಗುದ್ದಲಿಗೆ ಸಿಕ್ಕಿತು,
ಎಸೆದ ದಿನ ಹೇಗಿತ್ತೋ ಹಾಗೇ.
"ಮಣ್ಣೂ ಒಲ್ಲೆ ಅಂದದ್ದು ನೋಡು" ಅಂದಳು.
ನಕ್ಕೆ. ಆಗ ನಗುವಂಥ ಮಾತೇ ಅನ್ನಿಸಿತ್ತು.

ತನ್ವಿತ ಹುಟ್ಟಿದ್ದು ಮಾಗಿಯಲ್ಲಿ.
ಹಾಸನದ ಮಾಗಿ ಗೊತ್ತಲ್ಲ, ಗಂಟೆ ಎಂಟಾದರೂ
ಎದುರು ಮನೆ ಬಾಗಿಲು ಕಾಣದು.
ಬಾಣಂತಿಗೆ ಎರಡು ಹಂಡೆ, ಕೂಸಿಗೆ ಅರ್ಧ,
ದಿನಕ್ಕೆ ಕಾಲು ಮೂಟೆಯಂತೆ ನಲವತ್ತು ದಿನ.
ಮಂಜು ಅದುಮಿದ ಹೊಗೆ ಮೇಲೇಳಲಾರದೆ
ಬಚ್ಚಲಿಂದ ನಡುಮನೆಗೆ, ನಡುಮನೆಯಿಂದ ತೊಟ್ಟಿಲಿಗೆ
ಕೂಸು ನೋಡಲು ಬಂದ ನೆಂಟರ ಹಾಗೆ ನಡೆದು ಬರುತ್ತಿತ್ತು.
ವಾಸನೆ ಹೋಗಲೆಂದು
ನಾವು ಮೇಲಷ್ಟು ಸಾಂಬ್ರಾಣಿ ಹಾಕುತ್ತಿದ್ದೆವು.

ಈಗ ಮೂರು ವರ್ಷ. ರಾತ್ರಿಯಾದರೆ ಎದೆಯಲ್ಲಿ
ದಾರ ಸಿಕ್ಕಿಕೊಂಡ ಮಿಶನ್ನಿನ ಸದ್ದು.
ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, ಕಣ್ಣು ಮುಚ್ಚಿ ಆಲಿಸಿ
ಕೇಳಿದಳು, "ಮನೇಲಿ ಏನು ಸುಡ್ತೀರ?"
ಏನು ತಿನ್ನಿಸ್ತೀರ ಅಂತಲ್ಲ.
"ಸೌದೆ" ಅಂದೆ.
ಮಗು ಅಷ್ಟರಲ್ಲಿ ಫ್ರಾಕಿನ ಜೇಬಿಗೆ ಕೈಹಾಕಿ
ಒಲೆಬಾಯಲ್ಲಿ ಆರಿಸಿಟ್ಟುಕೊಂಡಿದ್ದ ಮಣಿಗಳನ್ನೆಲ್ಲ
ಮೇಜಿನ ಮೇಲೆ ಸುರಿಯಿತು.
ನೀಲಿ, ಕಿತ್ತಳೆ, ಮತ್ತೆ ನೀಲಿ, ಒಂದು ಕರಿ.
ಡಾಕ್ಟರು ಕಿತ್ತಳೆಯದನ್ನು ಎತ್ತಿ ಬೆಳಕಿಗೆ ಹಿಡಿದಳು.
ನನಗೆ ಗುರುತು ಸಿಕ್ಕಿತು.

ಮೂಟೆ ಬಿಟ್ಟಿದ್ದೇವೆ. ತೆಂಗಿನ ಗರಿ, ಮಟ್ಟೆ, ಸಿಕ್ಕಿದ ಪುಳ್ಳೆ.
ನೀರು ಕಾಯುವುದು ತಡ, ವ್ಯಾನು ಎರಡು ಸಲ ತಪ್ಪಿದೆ.
ಅತ್ತೆಗೆ ಬೂದಿ ಬಂತು, ಡಬ್ಬಿಗೆ ಜರಡಿ ಹಿಡಿಯುತ್ತಾಳೆ.

ಆದರೆ ಗೋಡೆಗೆ ಗೋಡೆ ಅಂಟಿದ ಬೀದಿ ಇದು.
ಬೆಳಗಿನ ಜಾವ ಪಕ್ಕದ ಮನೆ ಚೌಡಾಮಣಿ
ಕಡ್ಡಿ ಗೀರಿದ ಸದ್ದಿಗೇ ಎಚ್ಚರವಾಗುತ್ತದೆ ನನಗೆ.
ಅವಳಿಗೂ ಆರೂವರೆಗೆ ವ್ಯಾನು. ಏನೆಂದು ಜಗಳವಾಡಲಿ?
ಎದ್ದು ಕಿಟಕಿ ಹಾಕುತ್ತೇನೆ. ಹಲಗೆ ಬಾಗಿದೆ,
ಸಂದಿಗೆ ಏನಾದರೂ ತುರುಕಬೇಕು.
ಕತ್ತಲಲ್ಲಿ ತಡಕಿದರೆ ಕೈಗೆ ಸಿಗುವುದು
ಮೂಲೆಯ ಹಳೇ ಮೂಟೆಯ ತಳದಲ್ಲಿ ಉಳಿದ ಚೂರು.

ಬೆಳಕು ಹರಿದ ಮೇಲೆ ನೋಡಿದೆ, ಹಳದಿ.
ಇದು ಯಾವ ಆರ್ಡರಿನದೋ ನೆನಪಾಗುತ್ತಿಲ್ಲ.