ಹದಿನಾಲ್ಕರ ಸ್ಪ್ಯಾನರ್

ಉಲಾನ್‌ಬಾತರಿನ ಹಳೇ ಕಾರುಗಳ ಸಂತೆಯ ಹಿಂದೆ
ನನ್ನ ಗ್ಯಾರೇಜು. ಬಾಗಿಲಿಗೆ ಕಂಬಳಿ,
ಕಂಬಳಿಯ ಅಂಚಿಗೆ ಮಂಜಿನ ಹೆಪ್ಪು.
ಜನವರಿ. ಮೈನಸ್ ಮೂವತ್ತೆಂಟು.

ದಶ್‌ಜೆವೆಗ್ ಬಂದ. ಕ್ಯಾಶ್ಮೀರ್ ಉಣ್ಣೆಯ ದಲ್ಲಾಳಿ,
ಈ ವರ್ಷ ಕೈ ತುಂಬಿದವ.
ಎರಡು ಗಾಡಿ ತಂದು ನಿಲ್ಲಿಸಿ ಕೇಳಿದ:
"ಯಂಜ್ಮಾ, ನೀನು ಸುಳ್ಳು ಹೇಳುವವಳಲ್ಲ.
ಇದಕ್ಕೆ ಒಂದು ಪಾಲು, ಅದಕ್ಕೆ ಒಂದೂ ಮುಕ್ಕಾಲು.
ಆ ಮುಕ್ಕಾಲು ಯಾವುದಕ್ಕೆ?"

ಗುಂಡಿಗಿಳಿದೆ. ಹಣೆಗೆ ದೀಪ ಕಟ್ಟಿಕೊಂಡು
ಎರಡರ ಹೊಟ್ಟೆಯನ್ನೂ ತಡವಿದೆ.
ಕೆಳಗಿನಿಂದ ನೋಡಿದರೆ ಗಾಡಿಗೆ ಹೆಸರಿರುವುದಿಲ್ಲ.
ಅದೇ ಚಾಸಿ, ಅದೇ ಆಕ್ಸಲ್, ಒಂದೇ ತಾಯಿ ಹೆತ್ತ ಹಾಗೆ;
ಹದಿನಾಲ್ಕರ ಸ್ಪ್ಯಾನರ್ ಅದಕ್ಕೂ ಕೂತಿತು, ಇದಕ್ಕೂ ಕೂತಿತು,
ಕೈ ಬದಲಿಸಲಿಲ್ಲ.

ಹಾಗಂತ, ಹೊರಗೆ ಥಳುಕು ಒಳಗೆ ಹುಳುಕು
ಎಂದುಬಿಡುವುದು ಸುಲಭ. ಅನ್ನಲಾರೆ.
ದುಬಾರಿಯದರೊಳಗೆ ಗೋಣಿ ಹಾಸಿಕೊಂಡು ಕೂತೆ,
ಬಾಗಿಲೆಳೆದೆ.
ಅದು ಮುಚ್ಚಿಕೊಳ್ಳುವ ಸದ್ದಿದೆಯಲ್ಲ,
ಹಿಟ್ಟಿನ ಮೂಟೆಯನ್ನು ಯಾರೋ
ಮೆಲ್ಲಗೆ ನೆಲಕ್ಕಿಳಿಸಿದ ಹಾಗೆ.
ಸಂತೆಯ ಗದ್ದಲ, ನಾಯಿ, ಜನರೇಟರು,
ಗಿರಾಕಿಯ ಮೇಲೆ ರೇಗುತ್ತಿದ್ದ ನನ್ನ ಮಗ,
ಎಲ್ಲ ಗಾಜಿನಾಚೆ ಬಾಯಾಡಿಸುತ್ತ ನಿಂತವು.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಈ ಜಾಗದಲ್ಲಿ ನನ್ನ ಉಸಿರು ನನಗೆ ಕೇಳಿತು.
ಇದಕ್ಕೆ ಎಷ್ಟು ತುಗ್ರಿಕ್ ಎಂದು ಬರೆಯಲಿ?

ಅಪ್ಪನ ಜೀನಿಗೆ ಬೆಳ್ಳಿ ಕೂರಿಸಿತ್ತು.
ಅದರಿಂದ ಕುದುರೆ ಒಂದು ಹೆಜ್ಜೆ ಹೆಚ್ಚು ಓಡಲಿಲ್ಲ,
ಅದಕ್ಕದು ಬರೀ ಭಾರ.
ಆದರೆ ಅದರ ಮೇಲೆ ಕೂತ ಅಪ್ಪ ಬೇರೆಯೇ ಅಪ್ಪ:
ಬೆನ್ನು ನೆಟ್ಟಗೆ, ಬೈಗುಳ ಕಡಿಮೆ.
ಝುದ್ ಬಡಿದ ವರ್ಷ, ಹುಲ್ಲಿಗೆಲ್ಲ ಹಿಮದ ಬೀಗ ಬಿದ್ದು
ಕುರಿಗಳು ನಿಂತಲ್ಲೇ ಕೊರಡಾದಾಗ,
ಆ ಬೆಳ್ಳಿ ಕಿತ್ತು ಮಾರಿ ಮೂರು ತಿಂಗಳ ಹಿಟ್ಟು ತಂದೆವು.
ಬೋಳು ಜೀನಿನ ಮೇಲೂ ಅಪ್ಪ
ಹಾಗೆಯೇ ನೆಟ್ಟಗೆ ಕೂತಿದ್ದ.
ಇವತ್ತಿಗೂ ನನಗೆ ಬಿಡಿಸಲಾಗದ ಲೆಕ್ಕ ಅದು.

ನನ್ನ ಗೋಡೆಯ ಮೇಲೊಂದು ಹಲಗೆ.
ಅಪಘಾತದ ಗಾಡಿಗಳ ಮೂತಿಯಿಂದ ಕಿತ್ತ ಲಾಂಛನಗಳು
ಮೊಳೆಗಳಲ್ಲಿ ನೇತಾಡುತ್ತವೆ.
ವಾರಕ್ಕೊಬ್ಬ ಹುಡುಗ ಬರುತ್ತಾನೆ:
"ಅಕ್ಕಾ, ಬೇರೇನೂ ಬೇಡ, ಅದೊಂದು ಸಾಕು."
ತನ್ನ ಸಾದಾ ಗಾಡಿಗೆ ಅಂಟಿಸಿಕೊಂಡು
ಹುಡುಗಿಯ ಮನೆಗೆ ಹೋಗುತ್ತಾನೆ.
ನಗುವುದಿಲ್ಲ ನಾನು.
ಅಂಟು ಮಾತ್ರ ಒಳ್ಳೆಯದು ಹಾಕಪ್ಪ,
ಚಳಿಗೆ ಬಿಟ್ಟುಕೊಳ್ಳುತ್ತದೆ, ಎನ್ನುತ್ತೇನೆ.

ದಶ್‌ಜೆವೆಗನಿಗೆ ಹೇಳಿದೆ:
ನಿನ್ನ ಮುಕ್ಕಾಲಿನಲ್ಲಿ ಸ್ವಲ್ಪ ಆ ಬಾಗಿಲಿನ ಸದ್ದಿಗೆ. ಅದು ನಿಜ.
ಸ್ವಲ್ಪ ಮುಂದೆ ಮಾರುವಾಗ ಮರಳಿ ಬಂದೀತು, ಬಾರದೆಯೂ ಇದ್ದೀತು.
ಉಳಿದದ್ದು ನೀನು ಒಳಗೆ ಕೂತಾಗ ನಿನಗೆ ಕಾಣುವುದೇ ಇಲ್ಲ,
ಹೊರಗೆ ನಿಂತವನ ಕಣ್ಣಲ್ಲಿರುತ್ತದೆ.
ದುಡ್ಡು ನಿನ್ನದು, ನೋಟ ಅವನದು.

ಅವನು ತಲೆ ಕೆರೆದುಕೊಂಡು ಹೆಂಡತಿಗೆ ಫೋನು ಹಚ್ಚಿದ.
ಅವಳು ಕೇಳಿದ್ದು ಒಂದೇ: "ಸೀಟು ಬಿಸಿಯಾಗುತ್ತದಾ?"
"ಎರಡರಲ್ಲೂ ಆಗುತ್ತದೆ."
"ಮತ್ತೆ ನನ್ನನ್ನೇನು ಕೇಳುತ್ತೀಯ!"
ದುಬಾರಿಯದನ್ನೇ ಕೊಂಡ.
ನನಗೆ ಹೇಳದೆಯೂ ಗೊತ್ತಿತ್ತು, ಅವನಿಗೆ ಕೇಳದೆಯೂ.

ಸಂಜೆ ಸಂತೆಯ ಗೇಟಿನಲ್ಲಿ ಗಾಡಿಗಳ ಸಿಕ್ಕು.
ಅವನ ಹಿಂದೆ ಮುಂದೆ ಹಳೇ ಪ್ರಿಯಸ್‌ಗಳು,
ಎಲ್ಲರ ಮೇಲೂ ಒಂದೇ ಕಲ್ಲಿದ್ದಲ ಹೊಗೆ.
ನನ್ನ ಗಾಡಿಯ ಬಾನೆಟ್ಟಿನ ಹೊದಿಕೆ ತೆಗೆದೆ.
ಮೂರನೇ ಸಲಕ್ಕೆ ಕೆಮ್ಮಿ ಎದ್ದಿತು.
ಇದರ ಬಾಗಿಲನ್ನು ಎರಡು ಸಲ ಬಡಿಯಬೇಕು.
ಮೊದಲ ಬಡಿತಕ್ಕೂ ಎರಡನೆಯದಕ್ಕೂ ನಡುವೆ
ಇವತ್ತು ಯಾಕೋ
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.